ಕಲ್ಯಾಣಪ್ಪನವರ ಚೀಲ ಮೊದಲು ಹೊರಟಿತು

ಸೋಲಾಪುರದಲ್ಲಿ ಬೆಟ್ಟಗಳಿಲ್ಲ. ಇದು ಯಾರ ತಪ್ಪೂ ಅಲ್ಲ. ಭೂಮಿ ಇಲ್ಲಿಗೆ ಬರುವ ಹೊತ್ತಿಗೆ ಎದ್ದು ನಿಲ್ಲುವ ಉತ್ಸಾಹ ಕಳೆದುಕೊಂಡು, ಜೋಳಕ್ಕೆ ಅನುಕೂಲವಾಗಲೆಂದು ಅಡ್ಡಾಗಿದೆ. ಆದ್ದರಿಂದ ಇಲ್ಲೇ ಹುಟ್ಟಿ ಬೆಳೆದ ಕಲ್ಯಾಣಪ್ಪ ಕಲಶೆಟ್ಟಿಯವರು ಐವತ್ಮೂರು ವರ್ಷಗಳಲ್ಲಿ ಏರಿದ ಅತಿ ಎತ್ತರದ ಜಾಗವೆಂದರೆ ತಮ್ಮ ಸೊಸೈಟಿಯ ಮಾಳಿಗೆಯ ಮೇಲಿನ ನೀರಿನ ಟಾಕಿ. ಅದನ್ನೂ ಏರಿದ್ದು ಒಳಗೆ ಪಾರಿವಾಳ ಬಿದ್ದಿದೆಯೇ ಎಂದು ನೋಡಲು. ಬಿದ್ದಿರಲಿಲ್ಲ.

ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಟಾವೆಲ್ ಕಾರ್ಖಾನೆಯಲ್ಲಿ ಅವರು ತಪಾಸಣೆಯ ಕೆಲಸದಲ್ಲಿದ್ದರು. ಯಾವ ಟಾವೆಲ್ ಎಷ್ಟು ಸೆಕೆಂಡಿನಲ್ಲಿ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ಇಪ್ಪತ್ತೇಳು ವರ್ಷ ಅಳೆದಿದ್ದರು. ರಸಾಯನಶಾಸ್ತ್ರದ ಬಿಎಸ್ಸಿ. ಹೀಗಾಗಿ ಜುಳೆ ಸೋಲಾಪುರ ಬಡಾವಣೆಯ ಹನ್ನೆರಡು ಮನೆಗಳ ಆ ಸೊಸೈಟಿಯಲ್ಲಿ ವಿಜ್ಞಾನದ ಖಾತೆ ಅವರ ಪಾಲಿಗೆ ಬಂದಿತ್ತು. ಗಣಪತಿ ಹಬ್ಬದಲ್ಲಿ ಅವರು ‘ಮೂಢನಂಬಿಕೆ ಮತ್ತು ನಾವು’ ಎಂದು ನಲವತ್ತು ನಿಮಿಷ ಮಾತಾಡಿದ್ದರು. ಭಾಷಣ ಮುಗಿಯುತ್ತಲೇ ಸೊಸೈಟಿಯ ಚೇರಮನ್ ಸಿದ್ರಾಮಪ್ಪನವರು ಎದ್ದು ಹೋಗಿ, ತಮ್ಮ ಸ್ಕೂಟರಿಗೆ ಕಟ್ಟಿದ್ದ ನಿಂಬೆಕಾಯಿ-ಮೆಣಸಿನಕಾಯಿಯನ್ನು ಎಲ್ಲರ ಎದುರಿಗೇ ಕಿತ್ತೆಸೆದರು. ಮೂರನೆಯ ದಿನ ಸ್ಕೂಟರು ಜಾರಿ ಬಿದ್ದಿತು. ವಿಜ್ಞಾನದ ಮೇಲಿನ ಗೌರವದಿಂದ ಸಿದ್ರಾಮಪ್ಪ ನಿಂಬೆಕಾಯಿಯನ್ನು ಮತ್ತೆ ಕಟ್ಟಲಿಲ್ಲ. ಆದರೆ ಕಲ್ಯಾಣಪ್ಪನವರು ಎದುರು ಬಂದಾಗಲೆಲ್ಲ ಒಮ್ಮೆ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

ನೇಪಾಳದ ಮಾತು ಹುಟ್ಟಿದ್ದು ಮೊದಲ ಮಹಡಿಯ ಸೋಮೇಶನಿಂದ. ಚಾದರಿನ ಅಂಗಡಿಯವನು. ದುಬೈಗೆ ಹೋಗಿ ಬಂದು, ಒಂದು ಆದಿತ್ಯವಾರ ಕಲ್ಯಾಣಪ್ಪನವರ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಮುನ್ನೂರಾ ಹತ್ತು ಫೋಟೊ ತೋರಿಸಿದ. ಪ್ರತಿಯೊಂದರಲ್ಲೂ ಹಿಂದೆ ಒಂದು ಕಟ್ಟಡ, ಮುಂದೆ ಸೋಮೇಶ. ಮುನ್ನೂರಾ ಹನ್ನೊಂದನೆಯದಕ್ಕೆ ಕಲ್ಯಾಣಪ್ಪನವರ ತಾಳ್ಮೆ ತೀರಿತು.

“ಕಟ್ಟಡ ಏನ ನೋಡ್ತಿ ಸೋಮೇಶ,” ಅಂದರು. “ನಾವು ನೇಪಾಳಕ್ಕ ಹೊಂಟೀವಿ. ಟ್ರೆಕಿಂಗ್.”

ಇದು ಮಂಜರಿಯವರಿಗೂ ಹೊಸ ಸುದ್ದಿ. ಕಲ್ಯಾಣಪ್ಪನವರ ಹೆಂಡತಿ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಹಾ ಸೋಸುತ್ತಿದ್ದವರ ಕೈ ಹಾಗೇ ನಿಂತಿತು. ಮರುದಿನ ಬೆಳಿಗ್ಗೆ ಕಲ್ಯಾಣಪ್ಪನವರು ಎದ್ದು ಬಂದಾಗ ಮೇಜಿನ ಮೇಲೆ ಒಂದು ಬಿಳಿ ಹಾಳೆ, ಅದರ ಮೇಲೆ ಪೆನ್ನು.

“ರಜಾ ಅರ್ಜಿ ಬರೀರಿ,” ಅಂದರು ಮಂಜರಿ. “ನಂದು ಬರದಾಗ್ಯದ.”

ಈ ಅವಸರಕ್ಕೆ ಕಾರಣವಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷ, ಮಗಳು ಕೇತಕಿಯ ಮದುವೆಯೂ ಆಗಿ ಅವಳು ಲಾತೂರು ಸೇರಿದ್ದಳು. ಈ ಇಪ್ಪತ್ತಾರು ವರ್ಷಗಳಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ, ಮದುವೆಯೂ ಅಲ್ಲದ, ಮಣ್ಣೂ ಅಲ್ಲದ, ಹರಕೆಯೂ ಅಲ್ಲದ ಕಾರಣಕ್ಕೆ ಊರು ಬಿಟ್ಟಿದ್ದೇ ಇಲ್ಲ. ಮಹಾಬಳೇಶ್ವರಕ್ಕೆ ಹೊರಟಾಗ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕೂತಾಗಲೇ, ಮಂಗಳವೇಢೆಯಲ್ಲಿ ಮಂಜರಿಯ ಅಣ್ಣ ನಾಗಣ್ಣ ಕಣಜದಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಊಟಿಗೆ ಹೊರಟಾಗ ಮಂಜರಿಗೆ ಚುನಾವಣೆಯ ಡ್ಯೂಟಿ ಬಂತು. ಶಿಮ್ಲಾಕ್ಕೆ ಟಿಕೆಟ್ ತೆಗೆಸಿದಾಗ ಲಾಕ್‌ಡೌನ್ ಬಂದು ದೇಶದ ರೈಲುಗಳೆಲ್ಲ ನಿಂತವು. ನಮ್ಮ ಒಂದು ಪ್ರವಾಸ ತಪ್ಪಿಸಲು ಇಷ್ಟು ದೊಡ್ಡ ಬಂದೋಬಸ್ತು ಬೇಕಿತ್ತೇ ಎಂದು ಮಂಜರಿ ಆಗ ಕೇಳಿದ್ದರು.

ಆದ್ದರಿಂದ ಈ ಸಲ ಎಲ್ಲವೂ ಪದ್ಧತಿಯಂತೆ ನಡೆಯಿತು. ಪುಣೆಯ ಒಬ್ಬ ಪ್ರವಾಸದವನ ಬಳಿ ಎರಡು ಜಾಗ ಹಿಡಿದರು. ಆರು ದಿನ. ಪೋಖರಾದ ಮೇಲಿನ ಹಳ್ಳಿಗಳಲ್ಲಿ ದಿನಕ್ಕೆ ಎರಡರಿಂದ ಮೂರು ತಾಸಿನ ನಡಿಗೆ, ನಡುನಡುವೆ ಚಹಾ, ಎದುರಿಗೆ ಹಿಮದ ಸಾಲು. ಕಾಗದದಲ್ಲಿ ‘ಸುಲಭ’ ಎಂದು ಬರೆದಿತ್ತು. ಸುಲಭವೆಂದರೆ ಎಷ್ಟು ಸುಲಭ ಎಂದು ಕಲ್ಯಾಣಪ್ಪನವರು ಪ್ರವಾಸದವನಿಗೆ ನಾಲ್ಕು ಸಲ ಫೋನು ಮಾಡಿದರು. ಏರಿನ ಪ್ರಮಾಣವೆಷ್ಟು, ನೂರು ಮೀಟರಿಗೆ ಎಷ್ಟು ಮೆಟ್ಟಿಲು, ಮೆಟ್ಟಿಲಿನ ಸರಾಸರಿ ಎತ್ತರವೇನು. ಐದನೆಯ ಸಲಕ್ಕೆ ಅವನು, “ಸರ, ನಿಮ್ಮಂಥವರು ಎಷ್ಟೋ ಮಂದಿ ಹೋಗಿ ಜೀವಂತ ಬಂದಾರ,” ಅಂದ. ಕಲ್ಯಾಣಪ್ಪನವರಿಗೆ ಇದು ಅಂಕಿಸಂಖ್ಯೆಯ ದೃಷ್ಟಿಯಿಂದ ಸಾಲದೆನಿಸಿತು, ಆದರೂ ಒಪ್ಪಿಕೊಂಡರು.

ದಿನಾ ಒಂದು ತಾಸು ಭಾರ ಹೊತ್ತು ಮೆಟ್ಟಿಲು ಹತ್ತಿರಿ ಎಂದು ಅವನೇ ಹೇಳಿದ್ದ. ಮಂಜರಿ ಬೆಳಿಗ್ಗೆ ಐದು ಕಿಲೋ ಜೋಳ ತುಂಬಿದ ಚೀಲ ಹೆಗಲಿಗೇರಿಸಿ ಸೊಸೈಟಿಯ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಕಲ್ಯಾಣಪ್ಪನವರು ಅಡಿಗೆಮನೆಯ ತಕ್ಕಡಿ ತಂದು ದೊಡ್ಡ ಬೆನ್ನುಚೀಲಕ್ಕೆ ಹಾಕುವ ಒಂದೊಂದು ವಸ್ತುವನ್ನೂ ತೂಗಿ ಬರೆದಿಟ್ಟರು. ಉಣ್ಣೆಯ ಒಳಂಗಿ ಇನ್ನೂರಾ ನಲವತ್ತು ಗ್ರಾಂ. ಕೆಂಪು ಗಾಳಿಜಾಕೀಟು ನಾನೂರಾ ಹತ್ತು. ಕಡಕ ರೊಟ್ಟಿ ಮೂವತ್ತು, ಶೇಂಗಾ ಚಟ್ನಿ ಅರ್ಧ ಕಿಲೋ. ಇಬ್ಬರ ಬೆಚ್ಚನೆ ಬಟ್ಟೆಯೂ, ಇಬ್ಬರ ಬೂಟುಗಳೂ ಅದರಲ್ಲೇ. ಒಟ್ಟು ಒಂಬತ್ತು ಕಿಲೋ ಇನ್ನೂರು ಗ್ರಾಂ.

ಹೊರಡುವುದು ಶುಕ್ರವಾರ ಬೆಳಿಗ್ಗೆ ಪುಣೆಯ ರೈಲಿಗೆ. ಹಿಂದಿನ ಆದಿತ್ಯವಾರ ಅಕ್ಕಲಕೋಟದಿಂದ ಸೋದರತ್ತೆ ಕಸ್ತೂರಬಾಯಿಯವರ ಫೋನು ಬಂತು. ಎಪ್ಪತ್ತೆಂಟು ವಯಸ್ಸು, ಕಲ್ಯಾಣಪ್ಪನವರನ್ನು ಸಾಕಿ ಬೆಳೆಸಿದವರು.

“ಕಲ್ಯಾಣೀ, ಶುಕ್ರವಾರ ಏನದ ಗೊತ್ತದೇನು?”

“ಶುಕ್ರವಾರ ನಾವು ಹೋಗೂದದ, ಅತ್ತಿ.”

“ಅಮಾಸಿ ಅದ! ಕ್ಯಾಲೆಂಡರ ನೋಡಿದ್ಯಾ? ಅಮಾಸಿ ದಿನಾ ಹೊರದೇಶಕ್ಕ ಹೋಗಾವ ಸೋಲಾಪುರದಾಗ ನೀ ಒಬ್ಬನs!”

“ಅತ್ತಿ, ಚಂದ್ರ ಆವತ್ತ ಕಾಣಂಗಿಲ್ಲ ಅಂದ್ರ ರೈಲಿಗೆ ಏನ ಆಗ್ತದ?”

“ರೈಲಿಗೆ ಏನೂ ಆಗಂಗಿಲ್ಲ. ಒಳಗ ಕೂತಾವರಿಗೆ ಆಗ್ತದ. ಸುಮ್ಮ ಕೇಳು. ನಾಳಿ ಹನ್ನೊಂದಕ್ಕ ಮುಹೂರ್ತ ಚೊಲೋ ಅದ. ನಿನ್ನ ಚೀಲಾ ತಂದು ನಮ್ಮನ್ಯಾಗ ಪರಸ್ತಾನ ಇಡು.”

ಪರಸ್ತಾನವೆಂದರೆ ನಮ್ಮ ಕಡೆಯ ಒಂದು ಜಾಣ ಏರ್ಪಾಡು. ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ದಿನವೇ ಪ್ರಯಾಣದ ಗಂಟನ್ನು ಬೇರೊಬ್ಬರ ಮನೆಯಲ್ಲಿ ಒಯ್ದಿಡುವುದು. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಅಮಾವಾಸ್ಯೆಯ ದಿನ ಹೋದರೂ ಅಡ್ಡಿಯಿಲ್ಲ, ಏಕೆಂದರೆ ಅವನು ಆವತ್ತು ಹೊರಟೇ ಇಲ್ಲ. ಹೊರಟದ್ದು ಮುಂದುವರಿದಿದೆ ಅಷ್ಟೆ. ನ್ಯಾಯಾಲಯಗಳು ಹುಟ್ಟುವ ಎಷ್ಟೋ ಮೊದಲು ನಮ್ಮ ಹಿರಿಯರು ಹೀಗೆ ಗ್ರಹಗತಿಗಳಿಂದ ಜಾಮೀನು ಪಡೆಯುತ್ತಿದ್ದರು.

ಕಲ್ಯಾಣಪ್ಪನವರು ‘ಮೂಢನಂಬಿಕೆ ಮತ್ತು ನಾವು’ ಭಾಷಣದ ಕರ್ತೃ. ಆದರೆ ಆ ಭಾಷಣದ ಸಮಯದಲ್ಲಿ ಅತ್ತೆ ಎದುರಿಗೆ ಇರಲಿಲ್ಲ. ಸೋಮವಾರ ಒಂದು ದಿನ ರಜೆ ಹಾಕಿ, ಚೀಲ ಹೊತ್ತು ಇಳಿದರು. ಗೇಟಿನಲ್ಲಿ ಸೋಮೇಶ ಸಿಕ್ಕ.

“ಅಣ್ಣಾ, ಇವತ್ತs ಹೊಂಟ್ರ್ಯಾ?”

“ಇಲ್ಲಪಾ. ಪ್ರ್ಯಾಕ್ಟೀಸ್,” ಅಂದರು ಕಲ್ಯಾಣಪ್ಪನವರು. ವಿಜ್ಞಾನದ ಹಿತದೃಷ್ಟಿಯಿಂದ ಅವರು ಆ ವಾರ ಹೇಳಿದ ಮೊದಲ ಸುಳ್ಳು ಇದು.

ಅಕ್ಕಲಕೋಟದಲ್ಲಿ ಕಸ್ತೂರಬಾಯಿ ದೇವರ ಕೋಣೆಯ ಮುಂದೆ ಮಣೆ ಹಾಕಿ ಕಾಯುತ್ತಿದ್ದರು. ಚೀಲವನ್ನು ಮಣೆಯ ಮೇಲೆ ಕೂರಿಸಿದ್ದಾಯಿತು.

“ಆ ದೇಶ ಯಾವ ದಿಕ್ಕಿಗದ?”

“ಈಶಾನ್ಯಕ್ಕ.”

“ಹಂಗಾರ ಈಶಾನ್ಯಕ್ಕ ಮಾರಿ ಮಾಡಿಸು.”

ಚೀಲದ ಮುಖ ಯಾವುದು ಎಂಬ ಪ್ರಶ್ನೆ ಬಂತು. ಜಿಪ್ ಇರುವ ಕಡೆಯೇ ಮುಖವೆಂದು ಕಲ್ಯಾಣಪ್ಪನವರು, ಹೆಗಲಿಗೆ ಹಾಕುವ ಪಟ್ಟಿ ಕೈಯಿದ್ದಂತೆ, ಆದ್ದರಿಂದ ಆ ಕಡೆಯೇ ಎದೆ, ಎದೆಯ ಕಡೆಗೇ ಮುಖ ಎಂದು ಅತ್ತೆ. ಶರೀರಶಾಸ್ತ್ರದ ಪ್ರಕಾರ ಅತ್ತೆಯ ವಾದವೇ ಬಲವಾಗಿತ್ತು. ಚೀಲ ತಿರುಗಿತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹಿಡಿ ಅಕ್ಕಿ ತಲೆಯ ಮೇಲೆ ಹಾಕಿಸಿಕೊಂಡು ನೇಪಾಳಕ್ಕೆ ಹೊರಟಿತು. ಕಲ್ಯಾಣಪ್ಪನವರು ಹೊಟ್ಟೆ ತುಂಬ ಉಂಡು, ಕೈ ತೊಳೆದು ಚಪ್ಪಲಿ ಹುಡುಕಿದರು.

“ಎಲ್ಲಿಗೆ?” ಅಂದರು ಅತ್ತೆ.

“ಮನಿಗೆ.”

“ಯಾವ ಮನಿಗೆ? ನೀ ಹೊಂಟು ಹೋಗೀದಿ!”

“ಹೊಂಟದ್ದು ಚೀಲಾ, ಅತ್ತಿ.”

“ಮಂದಿ ಕೈಯಾಗ ಕಳಿಸಿದ್ರ ಚೀಲಾ ಹೊಂಟಂಗ. ನೀನs ಹೊತ್ತು ತಂದು, ನನ್ನ ಕೈಲೆ ಉಂಡೀದಿ. ಅಂದ ಮ್ಯಾಲ ನೀ ಹೊಂಟಂಗ. ಇನ್ನ ಹೋಗಿ ಬರೂ ತನಕಾ ನಿನ್ನ ಮನಿ ಹೊಸ್ತಲಾ ತುಳಿಯೂ ಹಂಗಿಲ್ಲ. ತುಳದಿ ಅಂದ್ರ ಪ್ರಯಾಣ ಮುರೀತು.”

“ನಾಳಿ ಡ್ಯೂಟಿ ಅದ!”

“ಡ್ಯೂಟಿಗೆ ಹೋಗು. ಮನಿಗೆ ಹೋಗಬ್ಯಾಡ. ಇಷ್ಟು ಓದೀದಿ, ಇದು ತಿಳಿಯಂಗಿಲ್ಲೇನು?”

ಕಲ್ಯಾಣಪ್ಪನವರು ಹಿತ್ತಲಿಗೆ ಹೋಗಿ ಹೆಂಡತಿಗೆ ಫೋನು ಮಾಡಿದರು. ಮಂಜರಿ ನಗುತ್ತಾರೆ, ಹುಚ್ಚರಂತೆ ಮಾಡಬೇಡಿ ಬನ್ನಿ ಅನ್ನುತ್ತಾರೆ ಎಂದು ಅವರಿಗೆ ಖಾತ್ರಿಯಿತ್ತು. ಅತ್ತ ಕಡೆಯಿಂದ ಎಂಟು ಸೆಕೆಂಡು ಮಾತಿಲ್ಲ. ಒಳ್ಳೆಯ ಟಾವೆಲ್ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

“ಅಲ್ಲೇ ಇರ್ರಿ,” ಅಂದರು ಮಂಜರಿ.

“ನೀ ಇದನ್ನೆಲ್ಲಾ ನಂಬ್ತಿ?”

“ನಂಬಂಗಿಲ್ಲ. ಆದ್ರ ಮೂರ ಸರ್ತಿ ತಪ್ಪ್ಯದ. ಈ ಸರ್ತಿ ನಾ ಯಾವ ದೇವರ ಕೂಡಾನೂ ವಾದಾ ಮಾಡಾಕ ತಯಾರಿಲ್ಲ. ನಾಲ್ಕ ದಿನಾ ಅತ್ತ್ಯಾರ ಮನ್ಯಾಗ ಉಂಡ ಮಕ್ಕೋರಿ. ಹಿಮಾ ನೋಡಿದ ಮ್ಯಾಲ ಇಬ್ಬರೂ ಕೂಡಿ ನಗೋಣ.”

ಹೀಗೆ ಕಲ್ಯಾಣಪ್ಪನವರು ದೇಶಾಂತರಕ್ಕೆ ಹೊರಟು ಅಕ್ಕಲಕೋಟದಲ್ಲಿ ತಂಗಿದರು.

ತೊಂದರೆ ಶುರುವಾದದ್ದು ಬಟ್ಟೆಯಿಂದ. ಚೀಲದಲ್ಲಿದ್ದದ್ದು ಹಿಮಕ್ಕೆಂದು ತಂದ ಬಟ್ಟೆ. ಮಂಗಳವಾರ ಅವರು ಸೋಮವಾರದ ಅಂಗಿಯಲ್ಲೇ ಕಾರ್ಖಾನೆಗೆ ಹೋದರು. ಸಂಜೆ ಸೊಸೈಟಿಗೆ ಬಂದು, ತಮ್ಮ ಎರಡನೆಯ ಮಹಡಿಯ ಗ್ಯಾಲರಿಯ ಕೆಳಗೆ ನಿಂತು ಕೂಗಿದರು.

“ಎರಡ ಅಂಗಿ, ಎರಡ ಬನಿಯನ್, ಬಿ.ಪಿ. ಗುಳಗಿ!”

ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಸಾಮಾನ್ಯವಾಗಿ ಕೊತ್ತಂಬರಿ ಏರುವ ಬುಟ್ಟಿ. ಅವತ್ತು ಬನಿಯನ್ ಇಳಿಯಿತು. ಆಗ ತಾನೆ ಅಂಗಡಿಯಿಂದ ಬಂದ ಸೋಮೇಶ ಗಾಡಿಯ ಮೇಲೆ ಒಂದು ಕಾಲು ಊರಿ ಹಾಗೇ ನಿಂತ.

“ಅಣ್ಣಾ, ಮ್ಯಾಲ ಹೋಗ್ರಿ ಅಲ್ಲಾ. ಇದೇನಿದು?”

“ಬ್ಯಾಡಪಾ. ಹೋಗೂ ಹಂಗಿಲ್ಲ.”

“ಯಾರ ಅಂದ್ರು ಹೋಗೂ ಹಂಗಿಲ್ಲ ಅಂತ?”

ಪರಸ್ತಾನ ಇಟ್ಟೆ ಎಂದು ಹೇಳಿದರೆ ಗಣಪತಿಯ ನಲವತ್ತು ನಿಮಿಷ ನೀರಿಗೆ ಹೋಗುತ್ತದೆ. ಸುಳ್ಳಿನ ಕೋಟಾ ಸೋಮವಾರವೇ ಮುಗಿದಿದೆ. ಕಲ್ಯಾಣಪ್ಪನವರು ಕಣ್ಣೆತ್ತಿ ಮೇಲೆ ಗ್ಯಾಲರಿಯ ಕಡೆ ನೋಡಿದರು. ಮಂಜರಿ ಹಗ್ಗ ಎಳೆದುಕೊಂಡು ಬಾಗಿಲು ಹಾಕಿಕೊಂಡರು. ವಾಸ್ತವಾಂಶಗಳ ದೃಷ್ಟಿಯಿಂದ ಈ ದೃಶ್ಯದಲ್ಲಿ ಒಂದೂ ಸುಳ್ಳಿರಲಿಲ್ಲ. ಸೋಮೇಶ ಅದರಿಂದ ತೆಗೆದ ತೀರ್ಮಾನ ಮಾತ್ರ ಬೇರೆ.

ಕೆಳಮನೆಯ ಸುಗಲಾಬಾಯಿ ಆ ತೀರ್ಮಾನಕ್ಕೆ ಪುರಾವೆ ಒದಗಿಸಿದರು. ಅವರು ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಾರೆ, ಸೊಸೈಟಿಗೆ ಯಾರು ಬಂದರು ಯಾರು ಹೋದರು ಎಂಬುದು ಅವರಿಗೆ ಬಾಯಿಪಾಠ.

“ನಾ ದಿನಾ ಮುಂಜಾನಿ ನೋಡಾಕತ್ತೀನಿ, ಸೋಮೇಶ. ಚೀಲಾ ಹೊತಗೊಂಡ ಮನಿ ಬಿಟ್ಟ ಕೆಳಗ ಬರ್ತಾಳ. ಗೇಟಿನ ತನಕಾ ಬಂದು ನಿಂದರ್ತಾಳ. ಮನಸ್ಸ ಆಗಂಗಿಲ್ಲ, ಮತ್ತ ಮ್ಯಾಲ ಹೋಗ್ತಾಳ. ಇವತ್ತ ಒಂದ ದಿನಾನs ಹನ್ನೊಂದ ಸರ್ತಿ ಮನಿ ಬಿಟ್ಟಾಳ, ಪಾಪ!”

ಬುಧವಾರ ಸಿದ್ರಾಮಪ್ಪನವರು ಗೇಟಿನಲ್ಲೇ ಕಲ್ಯಾಣಪ್ಪನವರನ್ನು ಹಿಡಿದರು. ಒಮ್ಮೆ ಮೊಣಕಾಲು ತಿಕ್ಕಿಕೊಂಡು, ಸಂಸಾರ ಎಂದರೆ ಗಾಡಿಯ ಎರಡು ಗಾಲಿ ಎಂದು ಶುರುಮಾಡಿ, ಗಾಲಿಯ ಕೀಲು, ಕೀಲಿನ ಎಣ್ಣೆಯವರೆಗೆ ವಿವರಿಸಿದರು.

“ಶುಕ್ರವಾರಕ್ಕ ಎಲ್ಲಾ ಸರಿ ಆಗ್ತದ್ರಿ ಚೇರಮನ್‌ಸಾಹೇಬ್ರ,” ಅಂದರು ಕಲ್ಯಾಣಪ್ಪನವರು. “ಗುಡ್ಡಾ ಹತ್ತಿದ್ದs ತಡಾ.”

ಸಿದ್ರಾಮಪ್ಪನವರಿಗೆ ಆ ಮಾತಿನ ದನಿ ಸರಿ ಕಾಣಲಿಲ್ಲ. ಸುಗಲಾಬಾಯಿಯವರ ಬಾಗಿಲಲ್ಲಿ ಕೂಡಲೇ ಸಭೆ ಸೇರಿತು.

“ಇಬ್ಬರೂ ಸಿಟ್ಟಿನ್ಯಾಗ ಇದ್ದಾರ,” ಅಂದರು ಸುಗಲಾಬಾಯಿ. “ಇಬ್ಬರs ಗುಡ್ಡಕ್ಕ ಹೊಂಟಾರ. ಒಂದ ಕಡಿ ಗ್ವಾಡಿ, ಒಂದ ಕಡಿ ದರಿ. ಇಬ್ಬರು ಹೋದಾವರು ಇಬ್ಬರs ಬರ್ತಾರಂತ ಯಾರ ಹೇಳಬೇಕು?”

“ಸುಲಭ ದಾರಿ ಅಂತ್ರಿ, ಮಾವಶಿ,” ಅಂದ ಸೋಮೇಶ.

“ದೂಡಾಕೂ ಸುಲಭ ಅಲ್ಲೇನು!”

ಸೋಮೇಶ ಆ ಗಳಿಗೆಯಲ್ಲೇ ಮಂಗಳವೇಢೆಗೆ, ಮಂಜರಿಯ ಅಣ್ಣನಿಗೆ, ಫೋನು ಹಚ್ಚಿದ.

ಗುರುವಾರ ಸಂಜೆ ಐದಕ್ಕೆ ಕಲ್ಯಾಣಪ್ಪನವರು ಮರುದಿನ ಸ್ಟೇಶನ್ನಿನಲ್ಲಿ ಎಲ್ಲಿ ಕೂಡಬೇಕೆಂದು ಹೆಂಡತಿಗೆ ಹೇಳಲು ಬಂದರೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ದುಂಡಗೆ ಕೂತಿದ್ದವು. ಸಿದ್ರಾಮಪ್ಪ, ಸೋಮೇಶ, ಸುಗಲಾಬಾಯಿ. ನಡುವೆ ಮಂಗಳವೇಢೆಯ ನಾಗಣ್ಣ, ಮೊಣಕಾಲ ಮೇಲೆ ಎರಡೂ ಕೈ ಊರಿ, ಪಂಚಾಯಿತಿಯ ಭಂಗಿಯಲ್ಲಿ.

“ಬರ್ರಿ ದಾಜಿ, ಕೂಡ್ರಿ,” ಅಂದ ನಾಗಣ್ಣ. ತಂಗಿಯ ಗಂಡನೆಂಬ ಮರ್ಯಾದೆಗೆ ಎದ್ದು ನಿಂತ, ಆದರೆ ಪೂರ್ತಿ ನಿಲ್ಲಲಿಲ್ಲ. “ತಪ್ಪು ಯಾರದು ಅಂತ ನಾ ಕೇಳಂಗಿಲ್ಲ. ಎದ್ದು ಮ್ಯಾಲ ಹೋಗ್ರಿ. ಹೊಸ್ತಲಾ ದಾಟಿ ಒಂದ ಹೆಜ್ಜಿ ಒಳಗ ಇಡ್ರಿ. ಸಾಕು.”

“ಅದೊಂದ ಬಿಟ್ಟ ಏನ ಬೇಕಾದ್ದ ಕೇಳ್ರಿ, ನಾಗಣ್ಣಾ.”

“ನೋಡ್ರಿ!” ಅಂದರು ಸುಗಲಾಬಾಯಿ. “ಹೆಂಗ ಮೊಂಡತನ!”

“ಒಂದ ಹೆಜ್ಜಿ, ಅಣ್ಣಾ,” ಅಂದ ಸೋಮೇಶ. “ಅರ್ಧ ಹೆಜ್ಜಿ ಇಡ್ರಿ.”

“ಅರ್ಧಾನೂ ಸಾಧ್ಯ ಇಲ್ಲಪಾ.”

“ಮಂಜೂ!” ನಾಗಣ್ಣ ಮೇಲೆ ನೋಡಿ ಕೂಗಿದ. ಮಂಜರಿ ಗ್ಯಾಲರಿಗೆ ಬಂದರು. “ದಾಜಿ ಮ್ಯಾಲ ಬರ್ತಾರ, ಬಾಗಲಾ ತೆಗಿ!”

“ಬ್ಯಾಡ, ಬ್ಯಾಡ!” ಮಂಜರಿ ಗಾಬರಿಯಿಂದ ಎರಡೂ ಕೈ ಬೀಸಿದರು. “ಒಟ್ಟs ಬರೂದು ಬ್ಯಾಡ! ಮನಿ ಒಳಗ ಕಾಲ ಇಟ್ರ ನನ್ನ ಆಣಿ ಅದ ಅಂತ ಹೇಳು!”

ಸಿದ್ರಾಮಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ನಾಗಣ್ಣನ ಮುಖ ಕಪ್ಪಿಟ್ಟಿತು.

“ಆತು,” ಅಂದ ಅವನು, ನಿಧಾನವಾಗಿ. “ಹಂಗಾರ ಇದಕ್ಕ ಒಂದs ಉಪಾಯ. ಇವರಿಬ್ಬರನ್ನs ಕಳಸೂ ಹಂಗಿಲ್ಲ. ನಾನೂ ನಮ್ಮ ಮನಿಯಾಕಿನೂ ಹೋಗ್ತೀವಿ. ದಾರ್ಯಾಗ ಮಂಜೂನ ಕೂಡ ನಮ್ಮಾಕಿ ನಡೀತಾಳ, ದಾಜಿ ಕೂಡ ನಾ ನಡೀತೀನಿ.”

“ನಾನೂ ಬರ್ತೀನಿ,” ಅಂದ ಸೋಮೇಶ. “ನಡುವ ಒಬ್ಬ ಬೇಕಾಗ್ತದ. ಫೋಟೊನೂ ತಗೀತೀನಿ.”

“ಪುಣಾದಾವಗ ಮಧ್ಯಾಹ್ನನs ಫೋನ್ ಮಾಡೀನಿ,” ಅಂದ ನಾಗಣ್ಣ. “ಮೂರ ಜಾಗಾ ಖಾಲಿ ಅವ ಅಂದಾನ. ಆರರ ಒಳಗ ಹೆಸರು ಪಕ್ಕಾ ಮಾಡ್ರಿ ಅಂದಾನ. ಈಗ ಅವನs ಫೋನ್ ಮಾಡ್ತಾನ.”

ಕಲ್ಯಾಣಪ್ಪನವರು ಮೇಲೆ ನೋಡಿದರು. ಮಂಜರಿ ಗ್ಯಾಲರಿಯ ಕಂಬಿ ಹಿಡಿದು ನಿಂತಿದ್ದರು. ಕೈ ಬೀಸಲಿಲ್ಲ, ಕೂಗಲಿಲ್ಲ. ಅಣ್ಣನ ಮಾತು ಕೇಳಿಸಿತ್ತು. ಮಹಾಬಳೇಶ್ವರದ ಬಸ್ಸಿನಿಂದ ಇಳಿದಾಗ, ಚುನಾವಣೆಯ ಆದೇಶ ಓದಿದಾಗ, ಶಿಮ್ಲಾದ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟಾಗ ಅವರ ಮುಖ ಹೀಗೇ ಇತ್ತು. ತಿರುಗಿ ಒಳಗೆ ಹೋದರು.

ನಾಗಣ್ಣನ ಫೋನು ಬಡಿದುಕೊಂಡಿತು. ಸೋಮೇಶ ಸ್ಪೀಕರ್ ಒತ್ತಿದ.

“ಬೋಲಾ ಸರ,” ಅಂತು ಪುಣೆಯ ದನಿ. “ಪಾಚ್ ಲೋಕ್? ಪಾಚ್ ನಕ್ಕೀ ಕಾ?” ಐದು ಜನ ಖಾತ್ರಿ ತಾನೆ ಎಂದು ಕೇಳುತ್ತಿದ್ದ.

ನಾಗಣ್ಣ ಬಾಯಿ ತೆರೆಯುವಷ್ಟರಲ್ಲಿ ಕಲ್ಯಾಣಪ್ಪನವರು ಎದ್ದು ಬಂದು ಫೋನು ಕಸಿದುಕೊಂಡಿದ್ದರು.

“ದೋನ್,” ಅಂದರು. “ದೋನಚ್. ಎರಡs. ನಾನು, ನನ್ನ ಹೆಂಡತಿ. ಮೂರನೇ ಹೆಸರು ಯಾರ ಹೇಳಿದ್ರೂ ಬರ್ಕೋಬ್ಯಾಡ್ರಿ.” ಫೋನು ಆರಿಸಿ ನಾಗಣ್ಣನ ಕೈಗೆ ಕೊಟ್ಟು, ಗಂಟಲು ಸರಿಮಾಡಿಕೊಂಡರು. ಗಣಪತಿಯ ಮಂಟಪದಲ್ಲೂ ಅವರು ಇಷ್ಟು ನೆಟ್ಟಗೆ ನಿಂತಿರಲಿಲ್ಲ.

“ಜಗಳಾ ಇಲ್ಲ, ಏನೂ ಇಲ್ಲ. ನಾಳಿ ಅಮಾಸಿ ಅದ. ನಾ ಸೋಮವಾರ ಅಕ್ಕಲಕೋಟದಾಗ ನಮ್ಮತ್ತಿ ಮನ್ಯಾಗ ಪರಸ್ತಾನ ಇಟ್ಟೀನಿ. ಅದಕ್ಕ ಹೊಸ್ತಲಾ ದಾಟವಲ್ಲೆ. ಆಕಿ ಆಣಿ ಹಾಕಿದ್ದೂ ಅದಕ್ಕs. ಮೆಟ್ಟಲಾ ಹತ್ತಿ ಇಳಿಯೂದು ಗುಡ್ಡದ ತಯಾರಿ, ಚೀಲದಾಗ ಜ್ವಾಳಾ ಅವ. ಇಷ್ಟs. ನಗೂದಿದ್ರ ನಗ್ರಿ.”

ಯಾರೂ ನಗಲಿಲ್ಲ. ಸಿದ್ರಾಮಪ್ಪನವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

“ಕಲ್ಯಾಣಪ್ಪ,” ಅಂದರು, “ಹಂಗಾರ ನನ್ನ ನಿಂಬಿಕಾಯಿ?”

ಇತಿಹಾಸದಲ್ಲಿ ದೊಡ್ಡ ದೊಡ್ಡ ಸುಧಾರಕರಿಗೂ ಇಂಥ ಪ್ರಶ್ನೆ ಎದುರಾಗಿದೆ. ಕಲ್ಯಾಣಪ್ಪನವರು ತಲೆ ತಗ್ಗಿಸಿ, “ಕಟ್ಕೋರಿ, ಸಾಹೇಬ್ರ,” ಅಂದರು.

ಅಷ್ಟರಲ್ಲಿ ಸುಗಲಾಬಾಯಿ ಬೆಳ್ಳುಳ್ಳಿಯ ಮೊರ ಪಕ್ಕಕ್ಕಿಟ್ಟು ಮುಂದೆ ಬಂದರು. ಜಗಳವಿಲ್ಲವೆಂಬ ಸುದ್ದಿಯಿಂದ ಅವರಿಗೆ ಸ್ವಲ್ಪ ನಿರಾಶೆಯಾಗಿತ್ತು, ಆದರೆ ಎದುರಿಗೆ ಅದಕ್ಕಿಂತ ದೊಡ್ಡ ವಿಷಯ ಬಂದಿತ್ತು.

“ನಿನ್ನ ಪರಸ್ತಾನ ಮುರದ ಹೋಗ್ಯದಪಾ. ಹೊಸ್ತಲಾ ಅಲ್ಲ, ಊರ ಸೀಮಿ ದಾಟೂ ಹಂಗಿಲ್ಲ. ನೀ ದಿನಾ ಊರಾಗ ಹಾದು ಎಂಐಡಿಸಿಗೆ ಹೋಗೀದಿ.”

“ಬೈಪಾಸ ಮ್ಯಾಲಿಂದ ಹೋದ್ರ ಊರ ಒಳಗ ಬಂದಂಗ ಆಗಂಗಿಲ್ಲ,” ಅಂದರು ಸಿದ್ರಾಮಪ್ಪ.

“ಜುಳೆ ಸೋಲಾಪುರ ಮೊದಲ ಊರಾಗ ಎಲ್ಲಿತ್ತು?” ಅಂದ ಸೋಮೇಶ. “ಮಹಾನಗರಪಾಲಿಕಿ ಹದ್ದ ಬ್ಯಾರೆ, ಹಳೇ ಸೀಮಿ ಬ್ಯಾರೆ.”

“ನಮ್ಮಲ್ಲಿ ಕೋಲ ಇಡ್ತಾರ, ಚೀಲಾ ಇಡಂಗಿಲ್ಲ,” ಅಂದ ನಾಗಣ್ಣ. ನೇಪಾಳ ಅವನ ತಲೆಯಿಂದ ಆಗಲೇ ಜಾರಿತ್ತು. “ಚೀಲಕ್ಕ ಚರ್ಮದ ಪಟ್ಟಿ ಇದ್ರ ನಡಿಯಂಗಿಲ್ಲ.”

“ಅದೆಲ್ಲಾ ಇರ್ಲಿ, ಇದಕ್ಕ ಉತ್ತರಾ ಹೇಳ್ರಿ,” ಸುಗಲಾಬಾಯಿ ಬೆರಳೆತ್ತಿದರು. “ಗಂಡ ಹೋಗಿ ನಾಲ್ಕ ದಿನಾ ಆತು. ಹೆಂಡತಿ ಪರಸ್ತಾನ ಯಾರ ಇಟ್ಟಾರ? ಆಕಿ ನಾಳಿ ಅಮಾಸಿ ದಿನಾನs ಹೊರಬೀಳಾಕಿ ಅಲ್ಲೇನು?”

ಒಂಬತ್ತು ಕಿಲೋ ಇನ್ನೂರು ಗ್ರಾಂ ಚೀಲ ತೂಗಿದ ಕಲ್ಯಾಣಪ್ಪನವರಿಗೆ ಈ ಲೆಕ್ಕ ತಪ್ಪಿಹೋಗಿತ್ತು. ಅತ್ತೆಗೂ ಹೊಳೆದಿರಲಿಲ್ಲ. ತಲೆ ಎತ್ತಿದರೆ, ಮೆಟ್ಟಿಲ ಬುಡದಲ್ಲಿ ಮಂಜರಿ. ಯಾವಾಗ ಇಳಿದರೋ, ಎಷ್ಟು ಕೇಳಿಸಿಕೊಂಡರೋ. ಗಂಡನನ್ನು ಒಮ್ಮೆ ನೋಡಿದರು. ಮಂದಿಯ ಎದುರು ಯಾವತ್ತೂ ಹಾಗೆ ನೋಡಿದವರಲ್ಲ, ಕಲ್ಯಾಣಪ್ಪನವರಿಗೆ ನಾಚಿಕೆಯಾಯಿತು.

“ಮಾವಶಿ, ಅಮಾಸಿ ಯಾವಾಗ ಹತ್ತತದ?” ಮಂಜರಿ ಕೇಳಿದರು.

“ನಾಳಿ ಮುಂಜಾನಿ ಆರೂವರಿಗೆ.”

“ಈಗ ಎಷ್ಟಾಗ್ಯದ?”

“ಪಾವಣೆ ಆರು, ಆರಕ್ಕ ಇನ್ನ ಕಾಲ ತಾಸದ,” ಅಂದ ಸೋಮೇಶ.

“ಹಂಗಾರ ಹನ್ನೆರಡ ತಾಸಿನ ಮ್ಯಾಲ ಅದ. ನಾ ಈಗs ಹೊಂಟೆ.”

ಅಮಾವಾಸ್ಯೆಯ ಹಿಂದಿನ ದಿನವೇ ಹೊರಟರೆ ಅಮಾವಾಸ್ಯೆಯ ಪ್ರಶ್ನೆಯೇ ಇಲ್ಲ ಎಂಬುದು ಇಷ್ಟು ದಿನ ಯಾರಿಗೂ, ಬಿಎಸ್ಸಿ ಮಾಡಿದವರಿಗೂ, ಹೊಳೆದಿರಲಿಲ್ಲ. ವಿಜ್ಞಾನದ ದೊಡ್ಡ ಶೋಧಗಳೆಲ್ಲ ಹೀಗೆಯೇ. ಆದ ಮೇಲೆ, ಇಷ್ಟೇನಾ ಅನಿಸುತ್ತದೆ.

ಮಂಜರಿ ಮೇಲೆ ಹೋಗಿ ಗ್ಯಾಸ್ ಬಂದ್ ಮಾಡಿ, ಕೈಚೀಲ ತೆಗೆದುಕೊಂಡು, ಬೀಗ ಹಾಕಿ ಬಂದು ಕೀಲಿಯನ್ನು ಸುಗಲಾಬಾಯಿಯ ಕೈಗಿಟ್ಟರು. “ತುಳಸಿಗೆ ನೀರ ಹಾಕ್ರಿ, ಮಾವಶಿ.”

“ಒಬ್ಬಾಕೀನs ಹೊಂಟೀಯಲ್ಲಾ, ನಿನ್ನ ಕೂಡ ಯಾರ—” ಎಂದು ನಾಗಣ್ಣ ಎದ್ದ.

“ಒಬ್ಬಾಕಿ ಎಲ್ಲಿ?” ಅಂದರು ಮಂಜರಿ. “ಇವರು ಸೋಮವಾರನs ಹೊಂಟು ನನ್ನ ಹಾದಿ ಕಾಯಾಕತ್ತಾರ.”

ಇಬ್ಬರೂ ಹತ್ತಿದ ರಿಕ್ಷಾ ಗೇಟು ದಾಟುವಾಗ ಹಿಂದಿನಿಂದ ಮಾತು ಕೇಳಿಸುತ್ತಲೇ ಇತ್ತು. ಕೋಲೋ ಚೀಲವೋ, ಹಳೆಯ ಸೀಮೆಯೋ ಹೊಸ ಹದ್ದೋ. ಯಾರೂ ಕೈ ಬೀಸಲಿಲ್ಲ, ಪುರುಸೊತ್ತಿರಲಿಲ್ಲ.

ನೇಪಾಳ ಈಶಾನ್ಯಕ್ಕಿದೆ, ಪುಣೆ ವಾಯವ್ಯಕ್ಕಿದೆ. ಚೀಲ ಮಾತ್ರ ಆಗ್ನೇಯಕ್ಕಿತ್ತು. ಬೂಟು, ರೊಟ್ಟಿ, ಹಿಮದ ಬಟ್ಟೆ ಎಲ್ಲ ಅಕ್ಕಲಕೋಟದಲ್ಲಿ ಮಣೆಯ ಮೇಲೆ ಕುಳಿತಿದ್ದವು. ಬೆಳಗಿನ ರೈಲು ಹೇಗಿದ್ದರೂ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಮೊದಲು ನಿಂತೇ ಇತ್ತ ಬರುತ್ತದೆ, ಅಲ್ಲೇ ಹತ್ತಿದರಾಯಿತು. ಆದ್ದರಿಂದ ಕಲಶೆಟ್ಟಿ ದಂಪತಿಗಳ ಹಿಮಾಲಯ ಯಾತ್ರೆ, ಹಿಮಾಲಯಕ್ಕೆ ಬೆನ್ನು ಮಾಡಿ, ಅಕ್ಕಲಕೋಟದ ಸರಕಾರಿ ಎಸ್ಟಿ ಬಸ್ಸಿನಲ್ಲಿ ಶುರುವಾಯಿತು. ಮಂಜರಿ ಕಿಟಕಿ ಹಿಡಿದರು. ಬಸ್ಸು ಊರು ದಾಟಿತು. ಎರಡೂ ಕಡೆ ಮೊಣಕಾಲೆತ್ತರದ ಜೋಳ, ದಿಗಂತದವರೆಗೆ ಒಂದು ದಿಬ್ಬವೂ ಇಲ್ಲ. ಅವರು ಅದನ್ನೇ ಕಣ್ತುಂಬ ನೋಡುತ್ತಿದ್ದರು.

“ಮಂದಿ ಮುಂದ ಹೇಳಬಾರದಿತ್ತೇನೋ,” ಅಂದರು ಕಲ್ಯಾಣಪ್ಪನವರು. “ಇನ್ನ ಗಣಪತಿಗೆ ನನ್ನ ಯಾರೂ ಕರಿಯಂಗಿಲ್ಲ.”

“ಚೊಲೋನs ಆತು,” ಅಂದರು ಮಂಜರಿ. “ಆ ನಲವತ್ತ ನಿಮಿಷ ಮನ್ಯಾಗ ಕೂತು ಚಹಾ ಕುಡಿಯೋಣ.”

ಕಂಡಕ್ಟರ್ ಯಂತ್ರ ಹಿಡಿದು ಬಂದ. “ಎಲ್ಲಿಗ್ರಿ?”

ಕಲ್ಯಾಣಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಮಂಜರಿ ಕಿಟಕಿಯಿಂದ ತಿರುಗಿ, ದೊಡ್ಡ ದನಿಯಲ್ಲಿ, ಬಸ್ಸಿನವರೆಲ್ಲ ಕೇಳುವಂತೆ, “ನೇಪಾಳ. ಎರಡು,” ಅಂದರು.

ಕಂಡಕ್ಟರ್ ಆ ಹಾದಿಯಲ್ಲಿ ಹದಿನೆಂಟು ವರ್ಷ ಓಡಾಡಿದವನು. ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವ ಎಂಥೆಂಥವರನ್ನೋ ನೋಡಿದ್ದ. ಹುಬ್ಬು ಕೂಡ ಏರಿಸಲಿಲ್ಲ. ಒಂದು ಪೂರ್ತಿ, ಹೆಂಗಸರದು ಒಂದು ಅರ್ಧ, ಎರಡು ಚೀಟಿ ಹರಿದು ಕೈಗಿಟ್ಟ.

“ಅಲ್ಲಿ ತನಕಾ ನಮ್ಮ ಗಾಡಿ ಹೋಗಂಗಿಲ್ರಿ, ಬಾಯಿ. ಅಕ್ಕಲಕೋಟಕ್ಕ ಇಳಸ್ತೀನಿ. ಮುಂದ ನಿಮಗ ನಡಕೋತ ಹೋಗೂದಾಗ್ತದ.”

“ಅದಕ್ಕs ಹೊಂಟೀವ್ರಿ,” ಅಂದರು ಮಂಜರಿ.